ಪಂಕ್ತಿಯಿಂದ ಎದ್ದ ಅಂಬಿಗ

“ಗುರುಗಳೇ, ದೇವರನ್ನು ನಂಬಿದ್ದವರು ಆ ನಂಬಿಕೆ ಕಳೆದುಕೊಳ್ಳುವುದು ಯಾತರಿಂದ? ಓದು ಹೆಚ್ಚಾಗಿಯೋ, ಸೊಕ್ಕು ಹೆಚ್ಚಾಗಿಯೋ?”

ಕೇಳಿದವನು ಶಿಷ್ಯ ಮರುಳಯ್ಯ. ಆ ದಿನ ಭಿಕ್ಷೆಗೆ ಹೋದಾಗ ಕಮ್ಮಾರನೊಬ್ಬ ಅವನ ಜೋಳಿಗೆಗೆ ಹಿಟ್ಟು ಹಾಕಿ, ಅವನು ಕೊಟ್ಟ ವಿಭೂತಿಯನ್ನು ಮಾತ್ರ ಹಿಂದಕ್ಕೆ ಕೊಟ್ಟಿದ್ದ. “ಹಿಟ್ಟು ನಿನ್ನ ಹಸಿವಿಗೆ, ನಿನ್ನ ದೇವರಿಗಲ್ಲ” ಎಂದಿದ್ದ. ಆ ಮಾತು ಮರುಳಯ್ಯನಿಗೆ ಚುಚ್ಚಿತ್ತು.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ದಂಡೆಯ ಕಲ್ಲುದೇವರಿಗೆ ಕೈಮುಗಿಯದೆ ಅವನು ಎಂದೂ ಹರಿಗೋಲನ್ನು ನೀರಿಗಿಳಿಸಿದವನಲ್ಲ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು, ಹೊನ್ನಿ. ಅವಳು ನಡೆಯುವುದಕ್ಕಿಂತ ಮೊದಲು ಈಜು ಕಲಿತವಳು ಎಂದು ಊರವರು ನಗುತ್ತಿದ್ದರು.

ಒಂದು ಮಧ್ಯಾಹ್ನ ಅಂಬಿಗ ಒಬ್ಬ ವ್ಯಾಪಾರಿಯನ್ನು ಆಚೆ ದಡಕ್ಕೆ ಕರೆದೊಯ್ಯುತ್ತಿದ್ದ. ಮಗಳೂ ಜೊತೆಗಿದ್ದಳು. ನಡುಹೊಳೆಯಲ್ಲಿ ತೇಲಿಬಂದ ಮರದ ಬೊಡ್ಡೆ ಬಡಿದು ಹರಿಗೋಲು ಮಗುಚಿತು. ಅಂಬಿಗ ನೀರಿನಿಂದ ತಲೆಯೆತ್ತಿ ನೋಡಿದ. ಒಂದು ಕಡೆ ಮಗಳು, ಇನ್ನೊಂದು ಕಡೆ ವ್ಯಾಪಾರಿ. ಮಗಳಿಗೆ ಈಜು ಬರುತ್ತದೆ, ಇವರಿಗೆ ಬಾರದು ಎಂದುಕೊಂಡ. ಹತ್ತಿಸಿಕೊಂಡವರನ್ನು ದಡ ಮುಟ್ಟಿಸಬೇಕು ಎಂಬುದು ಅವನಿಗೆ ಅಪ್ಪ ಅಜ್ಜಂದಿರಿಂದ ಬಂದ ಮಾತು. “ಹೊನ್ನೀ, ಈಜುತ್ತಿರು, ಬಂದೆ” ಎಂದು ಕೂಗಿ ವ್ಯಾಪಾರಿಯ ಕೈ ಹಿಡಿದ. ಅವನನ್ನು ದಡಕ್ಕೆಳೆದು ಹಾಕಿ ತಿರುಗಿದಾಗ ಹೊಳೆಯ ಮೇಲೆ ಯಾರೂ ಇರಲಿಲ್ಲ. ಮತ್ತೆ ನೀರಿಗೆ ಧುಮುಕಿದ. ಹೊತ್ತು ಕಂತುವವರೆಗೂ ಹುಡುಕಿದ.

ಮೂರನೆಯ ದಿನ ಕೆಳಗಿನ ಊರಿನ ಮಡುವಿನಲ್ಲಿ ಮಗಳು ಸಿಕ್ಕಳು. ಹಣೆಯ ಮೇಲೆ ಬೊಡ್ಡೆ ಬಡಿದ ಗುರುತಿತ್ತು. ಅಪ್ಪನ ಕೂಗು ಅವಳಿಗೆ ಕೇಳಿತ್ತೋ ಇಲ್ಲವೋ.

ಮಣ್ಣು ಮಾಡಿ ಬಂದವನು ಎಂದಿನಂತೆ ಕಲ್ಲುದೇವರ ಮುಂದೆ ದೀಪ ಹಚ್ಚಿದ. “ಕೂಸನ್ನು ಕಾಯದವನಿಗೆ ಇನ್ನೂ ಯಾಕೆ ದೀಪ?” ಎಂದಳು ಹೆಂಡತಿ.

“ಹಾಗನ್ನಬೇಡ. ಹೊನ್ನಿ ಈಗ ಅವನ ಹತ್ತಿರ ಇದ್ದಾಳೆ. ಕತ್ತಲಾದರೆ ಹೆದರುತ್ತಾಳೆ” ಎಂದ ಅಂಬಿಗ.

ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ತಿಂಗಳು ಕಳೆಯಿತು. ವ್ಯಾಪಾರಿ ಕೆಟ್ಟವನೇನೂ ಅಲ್ಲ. ಜೀವ ಉಳಿದದ್ದಕ್ಕೆ ಗುಡಿಯಲ್ಲಿ ಅಭಿಷೇಕ ಮಾಡಿಸಿದ. ಸುತ್ತಲಿನ ಹಳ್ಳಿಗಳಿಗೆಲ್ಲ ಊಟಕ್ಕೆ ಹೇಳಿಕಳಿಸಿದ. ತಾನೇ ಗುಡಿಸಲಿಗೆ ಹೋಗಿ ಅಂಬಿಗನನ್ನು ಕರೆತಂದು ಪಂಕ್ತಿಯ ಮೊದಲ ಎಲೆಗೆ ಕೂರಿಸಿದ. ಬಡಿಸಿಯಾದ ಮೇಲೆ ಕೈಜೋಡಿಸಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ:

“ನಡುಹೊಳೆಯಲ್ಲಿ ಸಾಕ್ಷಾತ್ ದೇವರೇ ಬಂದು ನನ್ನ ಕೈಹಿಡಿದು ಎತ್ತಿದ. ಇಲ್ಲದಿದ್ದರೆ ನಾನು ಇಂದು ನಿಮ್ಮ ಮುಂದೆ ಇರುತ್ತಿರಲಿಲ್ಲ.”

ಜನ ಜಯಕಾರ ಹಾಕಿದರು. ಅಂಬಿಗ ಎತ್ತಿದ ತುತ್ತನ್ನು ಎಲೆಗೆ ಇಳಿಸಿದ. ತನ್ನ ಕೈಯನ್ನೇ ನೋಡಿಕೊಂಡ. ಮುಂಗೈಯಲ್ಲಿ ವ್ಯಾಪಾರಿಯ ಉಗುರು ನಾಟಿದ ಗುರುತು ಇನ್ನೂ ಮಾಸಿರಲಿಲ್ಲ.

“ಸಾಹುಕಾರರೇ,” ಎಂದ ಮೆಲ್ಲಗೆ, “ಅಲ್ಲಿಯವರೆಗೆ ಬಂದಿದ್ದ ದೇವರಿಗೆ ನನ್ನ ಮಗಳು ಕಾಣಲಿಲ್ಲವೇ?”

ವ್ಯಾಪಾರಿ ತಬ್ಬಿಬ್ಬಾದ. ಮರುಕದಿಂದಲೇ ಹೇಳಿದ: “ಎಲ್ಲ ಅವರವರು ಪಡೆದು ಬಂದದ್ದು, ತಮ್ಮಾ. ಕೂಸಿನ ಋಣ ಅಷ್ಟೇ ಇತ್ತು. ಉಣ್ಣು, ಅನ್ನ ಆರುತ್ತದೆ.”

ಅಂಬಿಗ ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸಿದ. ಕೂತವರಲ್ಲಿ ಹೆಚ್ಚಿನವರನ್ನು ಅವನೇ ಹೊಳೆ ದಾಟಿಸಿದ್ದ. ಹೊನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ದಾಟಿದವರೂ ಇದ್ದರು. ಒಬ್ಬರಾದರೂ ‘ಹಾಗಲ್ಲ’ ಎಂದಾರು ಎಂದು ಕಾದ. ಯಾರೂ ತಲೆಯೆತ್ತಲಿಲ್ಲ. ಅವನು ಎಲೆಗೆ ಕೈಮುಗಿದು, ಎದ್ದು ಹೋದ.

ಅಂದಿನಿಂದ ಅವನು ದೀಪ ಹಚ್ಚಲಿಲ್ಲ. ಕಲ್ಲುದೇವರನ್ನು ಬಯ್ಯಲೂ ಇಲ್ಲ. ಆ ಕಲ್ಲಿನ ಪಕ್ಕದಿಂದಲೇ ಹರಿಗೋಲು ಇಳಿಸಿ, ತೋಳಲ್ಲಿ ಬಲ ಇರುವವರೆಗೂ ಜನರನ್ನು ದಾಟಿಸಿದ. ಯಾರಾದರೂ ದೇವರ ಮಾತೆತ್ತಿದರೆ ನೀರನ್ನು ನೋಡುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರುಳಯ್ಯ ಯೋಚಿಸಿ ಹೇಳಿದ: “ಹಾಗಾದರೆ ಆ ವ್ಯಾಪಾರಿಯ ಮಾತೇ ಅವನ ನಂಬಿಕೆಯನ್ನು ಕೊಂದಿತು ಅನ್ನಿ.”

“ವ್ಯಾಪಾರಿ ಒಬ್ಬನೇ ಅಲ್ಲಪ್ಪ, ಅಂಬಿಗ ಎದ್ದು ಹೋದ ಮೇಲೂ ನಾವೆಲ್ಲ ಕೂತು ಉಂಡೆವು.”