ಎಡಕ್ಕೆ ಹೊಸ ಬೊಂಬೆ, ಬಲಕ್ಕೆ ಹಳೇ ಬೊಂಬೆ

ಕೇಳೋರು ಹತ್ರ ಬನ್ನಿ, ನಗೋರು ಗೋಡೆಗೆ ಒರಗಿಕೊಳ್ಳಿ. ಆಮೇಲೆ ನಕ್ಕು ನಕ್ಕು ಸೊಂಟ ಉಳುಕಿತು ಅಂತ ದೂರು ತರಬೇಡಿ. ಈ ಕತೆ ಹೇಳೋಕೆ ಬರೋ ಗಂಡಸು ಈ ಸೀಮೇಲಿ ಒಬ್ಬನೇ, ಅವನು ಯಾರು ಅಂತ ನಿಮಗೇ ಗೊತ್ತು.

ಒಂದೂರಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಚಿಕ್ಕೆಂಚ. ಮೈಯಲ್ಲಿ ಆನೆ, ಬುದ್ಧೀಲಿ ಆನೆ ಬಾಲದ ತುದಿ. ಬಾವಿಗೆ ಬಿದ್ದ ಎಮ್ಮೇನ ಮೇಲೆತ್ತೋ ಅಂದ್ರೆ ಬಾವೀನೇ ಎತ್ತೋಕೆ ಹೋಗಿದ್ದ. ಬಾವಿಕಟ್ಟೆ ಒಂದು ಮೊಳ ಮೇಲೆ ಬಂದಿತ್ತು. ಬೇಕಾದ್ರೆ ಇವತ್ತೂ ಹೋಗಿ ನೋಡಿ, ಹಂಗೇ ಐತೆ.

"ಅಯ್ಯೋ ನನ್ನಪ್ಪ, ನಿನ್ನ ಕಟ್ಕೊಂಡು ನಾನೇನು ಮಾಡ್ಲೋ!" ಅಂತ ತಾಯಿ ಹಣೆ ಚಚ್ಚಿಕೊಳ್ಳೋಳು.

"ಅಳಬೇಡ ಕಣವ್ವ, ನೀನು ಏನು ಹೇಳಿದ್ರೆ ಅದೇ ಮಾಡ್ತೀನಿ!" ಅನ್ನೋನು ಮಗ.

ಅವಳ ಭಯವೇ ಅದು!

ಮಗನಿಗೊಂದು ಹೆಣ್ಣು ತಂದು ಕಣ್ಣು ಮುಚ್ಚಬೇಕು ಅಂತ ಅವಳ ಆಸೆ. ಹಿಂದಿನ ಬೀದಿ ಜವರಮ್ಮನ ಮಗಳು ಹೊನ್ನಾಜಿ ಮೇಲೆ ಕಣ್ಣು. ಆ ಜವರಮ್ಮ ಖಾರದ ಹೆಂಗಸು. "ನಿಂಗಾಜಕ್ಕ, ನಿನ್ನ ಮಗ ದೊಡ್ಡಮನೇಲಿ ಕೆಲಸಕ್ಕೆ ಸೇರಿ, ಸುಗ್ಗಿ ಮುಗಿಯೋಗಂಟ ಉಳಿಸ್ಕೊಳ್ಲಿ, ಆಮೇಲೆ ಹೆಣ್ಣು ನೋಡೋಕೆ ಬಾ. ಓಡಿಸಿದ್ರು ಅಂತ ಕೇಳಿದ್ನೋ, ನಮ್ಮ ಬೀದೀಗೂ ಬರಬೇಡ!" ಅಂದ್ಲು.

ದೊಡ್ಡಮನೆ ಅಂದ್ರೆ ದೇವಾಜಮ್ಮಣ್ಣಿಯೋರ ಮನೆ. ಅಲ್ಲಿ ನಿಂಗಾಜಮ್ಮ ಅಡಿಗೆ ಮಾಡೋಳು. ಅಮ್ಮಣ್ಣಿಗೆ ಬೊಂಬೆ ಹುಚ್ಚು. ಹಳೇ ಕಾಲದ ಕಂಚು, ಕಲ್ಲು, ಈ ಕಾಲದೋರು ಮಾಡಿದ ಕಬ್ಬಿಣ, ಅಮೃತಶಿಲೆ, ಎಲ್ಲಾನೂ ತಂದು ಮನೆ ಸಿಂಗಾರ ಮಾಡೋರು. ನಡುಮನೆ ಬಾಗಿಲ ಅಕ್ಕಪಕ್ಕ ಎರಡು ಕಲ್ಲು ಪೀಠ ಮಾತ್ರ ಖಾಲಿ. "ಎಡಕ್ಕೊಂದು ಹೊಸದು, ಬಲಕ್ಕೊಂದು ಹಳೇದು. ನೋಡಿದೋರು ಆಹಾ ಅನ್ನಬೇಕು, ಅಂಥದ್ದು ಸಿಗೋವರೆಗೂ ಖಾಲಿ ಇರಲಿ" ಅನ್ನೋರು. ಕಲ್ಲಿನ ಬೊಂಬೆ ಒಬ್ಬನೇ ಎತ್ತೋ ಆಳು ಬೇಕಿತ್ತು, ಚಿಕ್ಕೆಂಚನಿಗೆ ಕೆಲಸ ಸಿಕ್ತು.

ಮೊದಲ ದಿನವೇ ಒಂದು ಕಂಚಿನ ದೀಪಲಕ್ಷ್ಮಿ ಬಂತು. ಮುತ್ತಜ್ಜನ ಮುತ್ತಜ್ಜನ ಕಾಲದ್ದು, ಮೈಯೆಲ್ಲ ಹಸಿರುಗಪ್ಪಿಗೆ ತಿರುಗಿತ್ತು.

"ಮನೆ ಕೆಲಸ ಅಂದ್ರೆ ಕಂಡಿದ್ದನ್ನ ತಿಕ್ಕಿ ತೊಳೀಬೇಕು ಕಣಪ್ಪ" ಅಂತ ತಾಯಿ ಹೇಳಿ ಕಳಿಸಿದ್ಲು. ತಿಕ್ಕಿದ! ಹುಣಸೆಹಣ್ಣು ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ, ತೆಂಗಿನ ನಾರಲ್ಲಿ ತಿಕ್ಕಿದ. ದೀಪಲಕ್ಷ್ಮಿ ಅಂಗಡೀಲಿಟ್ಟ ಹೊಸ ಬಿಂದಿಗೆ ಹಂಗೆ ಫಳಫಳ! ಮೂಗು ಅರ್ಧ ಸವೆದು ಹೋಗಿತ್ತು.

"ಅಯ್ಯೋ ಪಾಪಿ! ಅದರ ಹಳೇ ಬಣ್ಣವೇ ಅದರ ಅಂದ ಕಣೋ!" ಅಂತ ಅಮ್ಮಣ್ಣಿ ಕೂಗಿಕೊಂಡರು.

ನಿಂಗಾಜಮ್ಮ ಅಮ್ಮಣ್ಣಿ ಕಾಲು ಹಿಡಿದು, ಆಮೇಲೆ ಒಲೆ ಮುಂದೆ ಮಗನ ಕಿವಿ ಹಿಂಡಿದಳು. "ಲೋ ಮಂಕೇ! ಈ ಮನೇಲಿ ಬೊಂಬೆ ಹೊಳೀಬಾರ್ದು ಕಣೋ! ಕಪ್ಪಗಿದ್ರೇನೇ ಚೆಂದ!"

"ಆಯ್ತು ಕಣವ್ವ, ಕಪ್ಪಗಿದ್ರೇನೇ ಚೆಂದ!"

ಮಾರನೆ ವಾರ ಬಂತು ಹೊಸ ಬೊಂಬೆ. ಬಿಳೀ ಅಮೃತಶಿಲೆ. ತಲೆ ಇಲ್ಲ, ಕೈ ಇಲ್ಲ, ಹೊಟ್ಟೇಲಿ ದೊಡ್ಡ ತೂತು. ಹಾಲಲ್ಲಿ ಅದ್ದಿ ತೆಗೆದಂಗಿತ್ತು. ಚಿಕ್ಕೆಂಚ ನೋಡಿದ. "ಥೂ, ಹೊಳೀತೈತೆ!" ಅಂದ. ಒಲೆ ಮಸಿ ತಂದ, ಹರಳೆಣ್ಣೇಲಿ ಕಲಸಿದ, ಹಿಂದೆ ಬಳಿದ, ಮುಂದೆ ಬಳಿದ, ತೂತಿನೊಳಕ್ಕೆ ಕೈ ಹಾಕಿ ಅಲ್ಲೂ ಬಳಿದ.

ಅಮ್ಮಣ್ಣಿ ಬಂದರು, ನೋಡಿದರು, ಅಲ್ಲೇ ಕೂತರು.

"ಹಾಳಾಗೋದ್ನಲ್ಲ ನನ್ನ ಮಗ!" ಅಂತ ನಿಂಗಾಜಮ್ಮ ಸೌಟು ಹಿಡಿದೇ ಓಡಿ ಬಂದಳು. ಅವತ್ತು ರಾತ್ರಿ ಅವಳು ಮಾಡಿದ ಉಪ್ಸಾರು ತಿಂದ ಮೇಲೇ ಅಮ್ಮಣ್ಣಿ ಸಿಟ್ಟು ಇಳಿದದ್ದು. ಮಗನಿಗೆ ಹೇಳಿದಳು, "ಇನ್ಮೇಲೆ ಉಜ್ಜಲೂ ಬೇಡ, ಬಳಿಯಲೂ ಬೇಡ. ಆ ಮನೆಗೆ ಬಂದಿದ್ದೆಲ್ಲ ದೇವರು ಅಂದ್ಕೊ. ಭಯಭಕ್ತಿ ಇರ್ಲಿ!"

"ಆಯ್ತು ಕಣವ್ವ, ದೇವರು!"

ಆಮೇಲೆ ಬಂತು ಕಬ್ಬಿಣದ ಬೊಂಬೆ. ಸೈಕಲ್ ಚೈನು, ನೇಗಿಲ ಗುಳ, ಹಳೇ ಪಂಪಿನ ಚಕ್ರ ಎಲ್ಲ ಸೇರಿಸಿ ಬೆಸೆದದ್ದು. ಕುದುರೆ ಅಂತೆ. ನೋಡಿದೋರಿಗೆ ಎರಡು ಗಾಡಿ ಡಿಕ್ಕಿ ಹೊಡೆದಂಗಿತ್ತು. ಅಮ್ಮಣ್ಣಿ ಪೇಟೆಗೆ ಹೋಗಿದ್ರು. ಚಿಕ್ಕೆಂಚ ಸ್ನಾನ ಮಾಡಿದ, ಅರಿಶಿನ ಮೆತ್ತಿದ, ಕುಂಕುಮ ಇಟ್ಟ, ಬೇವಿನಸೊಪ್ಪು ಸಿಕ್ಕಿಸಿದ, ಕಾಯಿ ಒಡೆದ. ಕರ್ಪೂರದ ವಾಸನೆ ಬೀದಿಗೆ ಹೋಯ್ತು. ಕೇಳಬೇಕಾ! ಹೆಂಗಸರು ಆರತಿ ತಟ್ಟೆ ತಂದರು. ಯಾರೋ ಕೋಳಿ ತಂದು ಬೊಂಬೆ ಕಾಲಿಗೆ ಕಟ್ಟಿದರು. ಸೋಫಾ ಮೇಲೆ ನಿಂತು ಒಬ್ಬ ಮುದುಕ ಮೈದುಂಬಿ ಕುಣೀತಿದ್ದ.

ಅಮ್ಮಣ್ಣಿ ವಾಪಸ್ ಬಂದರೆ, ಅವರ ಮನೆ ಬಾಗಿಲಲ್ಲೇ ಜನ ಅವರನ್ನ ತಡೆದರು. "ಚಪ್ಪಲಿ ಹೊರಗೆ ಬಿಡಿ ತಾಯಿ! ಸಾಲಲ್ಲಿ ಬನ್ನಿ!"

ಅವತ್ತು ಅಮ್ಮಣ್ಣಿಯೇ ಬುದ್ಧಿ ಹೇಳಿದರು. "ಇದು ಪೂಜೆ ಮಾಡೋದಲ್ಲ, ನೋಡೋದು! ಮುಟ್ಟಬೇಡ! ದೂರ ನಿಂತು, ಕೈ ಹಿಂದೆ ಕಟ್ಟಿ, ತಲೆ ವಾರೆ ಮಾಡಿ, ಆಹಾ ಅನ್ನು. ಅಷ್ಟೇ!"

"ಆಯ್ತು ಅಮ್ಮಣ್ಣಿಯೋರೇ, ಆಹಾ!"

ಒಂದು ದಿನ ಅಮ್ಮಣ್ಣಿ ಏಣಿ ಹತ್ತಿ ಗೋಡೆಗೆ ಮರದ ಮುಖವಾಡ ತಗುಲಿಸ್ತಿದ್ದರು. ಏಣಿ ಜಾರಿತು. ಅಮ್ಮಣ್ಣಿ ತೊಲೆ ಹಿಡಿದು ನೇತಾಡಿದರು.

"ಚಿಕ್ಕೆಂಚಾ! ಹಿಡಿಯೋ!"

ಚಿಕ್ಕೆಂಚ ದೂರ ಹೋಗಿ ನಿಂತ. ಕೈ ಹಿಂದೆ ಕಟ್ಟಿದ. ತಲೆ ವಾರೆ ಮಾಡಿದ. "ಆಹಾ!"

"ಆಹಾ ಅಲ್ಲ ಕಣೋ, ಕಾಲು ಹಿಡಿ!"

"ಮುಟ್ಟಬಾರ್ದು ಅಂತ ನೀವೇ ಹೇಳಿದ್ರಿ. ಬೆಳಕಿಗೆ ಒಂಚೂರು ತಿರುಗಿ ಅಮ್ಮಣ್ಣಿಯೋರೇ, ಇನ್ನೂ ಚೆಂದ ಕಾಣ್ತೀರಿ!"

ಅಡಿಗೆಮನೆಯಿಂದ ನಿಂಗಾಜಮ್ಮ ಓಡಿ ಬಂದು ಸೊಂಟ ಹಿಡಿದು ಇಳಿಸಿಕೊಂಡಳು. "ಇನ್ನೊಂದೇ ಒಂದು ತಪ್ಪು ಮಾಡ್ಲಿ, ಇವನನ್ನ ಮನೆಗೆ ಸೇರಿಸಲ್ಲ!" ಅಂದರು ಅಮ್ಮಣ್ಣಿ. ಸುಗ್ಗಿ ಇನ್ನೇನು ಮುಗೀತಾ ಬಂದಿತ್ತು. ನಿಂಗಾಜಮ್ಮ ಮಗನನ್ನ ಒಲೆ ಮುಂದೆ ಕೂರಿಸಿದಳು.

"ಕೇಳೋ ನನ್ನಪ್ಪ," ಅಂತ ಮಗನ ಗಲ್ಲ ಹಿಡಿದಳು. "ಬಾಯಿಬಿಟ್ಟು ಮಾತಾಡಿದ್ರೆ ಮನುಷ್ಯರು. ಅವರು ಹೇಳಿದ್ದು ಮಾಡು. ಮಾತಿಲ್ಲ, ಅಲುಗಾಟ ಇಲ್ಲ ಅಂದ್ರೆ ಬೊಂಬೆ. ನೆಲದ ಮೇಲೆ ಬೊಂಬೆ ಕಂಡ್ರೆ ಎತ್ತಿ ಪೀಠದ ಮೇಲಿಡು, ಆಮೇಲೆ ದೂರ ನಿಂತು ಆಹಾ ಅನ್ನು. ತಿಳೀತಾ?"

"ತಿಳೀತು ಕಣವ್ವ!"

ಹೆಂಗೋ ಸುಗ್ಗಿ ದಾಟಿತು. ನಿಂಗಾಜಮ್ಮ ಮಗನಿಗೆ ಒಗೆದ ಅಂಗಿ ಹಾಕಿಸಿ ಹೆಣ್ಣು ನೋಡೋಕೆ ಕರಕೊಂಡು ಹೋದಳು. ಹೊನ್ನಾಜಿನ ಚಾಪೆ ಮೇಲೆ ಕೂರಿಸಿದ್ದರು. ರೇಷ್ಮೆ ಸೀರೆ, ಮುಡಿ ತುಂಬ ಕನಕಾಂಬರ, ತಗ್ಗಿಸಿದ ತಲೆ. "ನಾನು ಹೇಳೋಗಂಟ ತಲೆ ಎತ್ತಬೇಡ, ಬಾಯಿ ಬಿಡಬೇಡ, ಅಲುಗಬೇಡ" ಅಂತ ಜವರಮ್ಮ ಮಗಳಿಗೆ ತಾಕೀತು ಮಾಡಿದ್ದಳು. ಇಬ್ಬರು ತಾಯಂದಿರೂ ಪಾಯಸ ತರೋಕೆ ಒಳಗೆ ಹೋದರು.

ಚಿಕ್ಕೆಂಚ ನೋಡಿದ. ಮಾತಿಲ್ಲ. ಮತ್ತೆ ನೋಡಿದ. ಅಲುಗಾಟ ಇಲ್ಲ.

"ಪಾಪ, ಬೊಂಬೇನ ನೆಲದ ಮೇಲೆ ಇಟ್ಟವ್ರೆ!"

ಎತ್ತಿದ, ಹೆಗಲ ಮೇಲೆ ಹೊತ್ತ, ಹೊರಟ! ಬೀದಿಯೋರೆಲ್ಲ "ಏನೋ ಅದು ಚಿಕ್ಕೆಂಚ?" ಅಂದ್ರೆ, "ಹೊಸ ಬೊಂಬೆ, ಹೊಸ ಬೊಂಬೆ!" ಅಂತ ನಡೆದ. ದೊಡ್ಡಮನೆಗೆ ಹೋಗಿ ಎಡಗಡೆ ಪೀಠದ ಮೇಲೆ ಕೂರಿಸಿ, ದೂರ ನಿಂತು, "ಆಹಾ!" ಅಂದ.

ಅಮ್ಮಣ್ಣಿ ಬಂದರು. "ಆಹಾ! ಏನು ಕೆಲಸ! ರೆಪ್ಪೆ ನೋಡು, ನಿಜವಾದ ರೆಪ್ಪೆ ಹಂಗೇ ಇದೆ! ಯಾವ ಶಿಲ್ಪಿ ಮಾಡಿದ್ದೋ ಇದು?"

"ಅವನ ಮನೆ ಹಾಳಾಗ! ನಾನು ಹೆತ್ತಿದ್ದು!" ಅಂತ ಜವರಮ್ಮ ನುಗ್ಗಿ ಬಂದಳು. ಹಿಂದೆ ನಿಂಗಾಜಮ್ಮ, ಕೈಯಲ್ಲಿ ಪಾಯಸದ ಲೋಟ. "ಬಾಯಿ ಬಿಡೇ! ಹೊತ್ಕೊಂಡು ಹೋಗ್ತಿದ್ರೆ ಕೂಗ್ಬಾರ್ದೇನೇ?" ಅಂತ ಜವರಮ್ಮ ಮಗಳನ್ನ ಗದರಿದಳು.

ಹೊನ್ನಾಜಿ ಆಗ ತಲೆ ಎತ್ತಿದಳು. "ನೀನೇ ಅಲ್ವೇನವ್ವ, ನಾನು ಹೇಳೋಗಂಟ ಬಾಯಿ ಬಿಡಬೇಡ ಅಂದಿದ್ದು?"

ಜವರಮ್ಮ ಮಗಳ ಕೈ ಹಿಡಿದು ಎಳೆದಳು.

"ಇಳಿಯೇ ಕೆಳಗೆ! ಇಂಥ ದಡ್ಡನಿಗೆ ನಿನ್ನ ಕೊಡಲ್ಲ!"

"ನಾನು ಇವರನ್ನೇ ಮಾಡ್ಕೊಳ್ಳೋದು ಕಣವ್ವ. ಹುಟ್ಟಿದಾಗಿಂದ ಯಾರೂ ನನ್ನ ಇಷ್ಟು ಎತ್ತರದಲ್ಲಿ ಕೂರಿಸಿರ್ಲಿಲ್ಲ!" ಅಂದ್ಲು ಹೊನ್ನಾಜಿ. ಅಮ್ಮಣ್ಣಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಜವರಮ್ಮ ಮಗಳನ್ನ ನೋಡಿದಳು, ಹುಡುಗನ್ನ ನೋಡಿದಳು. "ಹಾಳಾಗಿ ಹೋಗಿ, ಸರಿಯಾಗೇ ಸಿಕ್ಕಿದ್ದೀರಿ" ಅಂದಳು.

ನಿಂಗಾಜಮ್ಮನಿಗೆ ಸೊಸೆ ಸಿಕ್ಕಿದ್ದಳು! ಕುಣೀಬೇಕಿತ್ತು. ಆದ್ರೆ ಇಷ್ಟು ದಿನ ಒಬ್ಬನಿಗೆ ಬುದ್ಧಿ ಹೇಳಿ ಸಾಕಾಗಿದ್ದಳು, ಇನ್ಮೇಲೆ ಇಬ್ಬರು! ಅದು ಹೊಳೆದದ್ದೇ ತಡ, ಅಲ್ಲೇ ನೆಲಕ್ಕೆ ಕುಸಿದಳು. ಹಣೆ ಮೇಲೆ ಒಂದು ಕೈ, ಇನ್ನೊಂದರಲ್ಲಿ ಲೋಟ. ಬಾಯಲ್ಲಿ ಮಾತಿಲ್ಲ. ಮೈಯಲ್ಲಿ ಅಲುಗಾಟ ಇಲ್ಲ.

ಚಿಕ್ಕೆಂಚ ಅವಳನ್ನ ನೋಡಿದ. ಬಲಗಡೆ ಖಾಲಿ ಪೀಠ ನೋಡಿದ.

"ಹೊನ್ನಾಜಿ, ಆ ಕಡೆ ಕಾಲು ಹಿಡ್ಕೊ. ಹಳೇ ಬೊಂಬೆ, ಹುಷಾರು!"

ಇಬ್ಬರೂ ಸೇರಿ ಎತ್ತಿದರು, ಪೀಠದ ಮೇಲಿಟ್ಟರು, ಪಾಯಸದ ಲೋಟ ಕೈಯಲ್ಲಿ ಹಂಗೇ ಬಿಟ್ಟರು. ದೂರ ಹೋಗಿ ನಿಂತರು. ಕೈ ಹಿಂದೆ ಕಟ್ಟಿದರು. ಅವನು ಆ ಕಡೆ, ಅವಳು ಈ ಕಡೆ ತಲೆ ವಾರೆ ಮಾಡಿದರು.

"ಆಹಾ!"