ಅರೆಮರದ ದಿಣ್ಣೆ

ಊರಿನ ಬಡಗಲಿಗೆ, ರಾಗಿ ಹೊಲಗಳ ನಡುವೆ ಎದ್ದು ಕಾಣುವ ದಿಣ್ಣೆಯ ಮೇಲೆ ಇಂದಿಗೂ ಒಂದು ಸಾಲು ಹುಣಸೆಮರಗಳಿವೆ. ಮೂಡಲಿಗೆ ಅವು ನೆಲ ಮುಟ್ಟುವಂತೆ ಕೊಂಬೆ ಚೆಲ್ಲಿವೆ. ಪಡುವಲಿಗೆ ಒಂದು ರೆಂಬೆಯೂ ಇಲ್ಲ, ಬರೀ ಗಂಟುಗಟ್ಟಿದ ಬೊಡ್ಡೆ. ಗಾಳಿಯ ಹೊಡೆತ ಎನ್ನುವವರು ಹೊರಗಿನವರು. ಊರಿನವರಿಗೆ ಬೋರಕ್ಕ ಗೊತ್ತು.

ಹಿಂದೆ ಒಮ್ಮೆ ಈ ದಿಣ್ಣೆಯ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಪಡುವಣ ತುಂಡು ಹಿರಿಯನ ಹೆಂಡತಿ ಬೋರಕ್ಕನಿಗೂ ಮೂಡಣದ್ದು ಅವಳ ವಾರಗಿತ್ತಿ ತಿಮ್ಮಾಜಿಗೂ ಬಂತಂತೆ. ತಿಮ್ಮಾಜಿ ರಾಗಿ ಬಿತ್ತಿದ್ದಲ್ಲದೆ ಬದುವಿನುದ್ದಕ್ಕೂ ಹುಣಸೆ ಸಸಿ ನೆಟ್ಟಳು. "ಮೊಮ್ಮಕ್ಕಳ ಕಾಲಕ್ಕೆ ಹುಳಿ ತಿಂತೀಯೇನೇ?" ಎಂದು ಬೋರಕ್ಕ ನಕ್ಕಳು. ಆದರೆ ಮರ ಫಲಕ್ಕೆ ಬಂದು, ಸಂತೆಯ ವ್ಯಾಪಾರಿಗಳು ಗಾಡಿ ಕಟ್ಟಿಕೊಂಡು ತಿಮ್ಮಾಜಿಯ ಬಾಗಿಲಿಗೇ ಬಂದು, ಅವಳ ಕಿವಿಯಲ್ಲಿ ಹೊಸ ಓಲೆ ಹೊಳೆದಾಗ ಬೋರಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಉಂಡ ಮುದ್ದೆ ಮೈಗೆ ಹತ್ತಲಿಲ್ಲ.

ಆ ಸೀಮೆಯಲ್ಲೊಂದು ಕಟ್ಟಳೆ ಇತ್ತು. ಬದುವಿನ ಮರ ಪಕ್ಕದ ಹೊಲಕ್ಕೆ ಚಾಚಿದರೆ ಅತ್ತ ಉದುರಿದ ಹಣ್ಣು ಆ ಹೊಲದವರದು. ನೆರಳು ಬೇಡವೆಂದರೆ ಕೊಂಬೆ ಕಡಿಯುವ ಹಕ್ಕೂ ಅವರದೇ. ಕೂತಲ್ಲೇ ಅರ್ಧ ಫಸಲು ಬೋರಕ್ಕನ ಪಾಲಿಗೆ ಬೀಳುತ್ತಿತ್ತು. ಆದರೆ ತಿಮ್ಮಾಜಿ ನೆಟ್ಟದ್ದನ್ನು ಬಗ್ಗಿ ಆಯುವುದೆಂದರೆ ಅವಳಿಗೆ ಸೋತಂತೆ. "ನೆರಳಿಗೆ ನನ್ನ ರಾಗಿ ಏಳ್ತಿಲ್ಲ" ಎಂದು ಮಚ್ಚು ಹಿಡಿದು ತನ್ನ ಕಡೆಯ ಕೊಂಬೆಗಳನ್ನೆಲ್ಲ ಸವರಿದಳು. ಕೊನೆಯ ಮರದ ಒಂದು ಕೊಂಬೆ ಮಾತ್ರ ಉಳಿಯಿತು. ಕೇಳಿದವರಿಗೆ, ಅದು ಕೈಗೆಟುಕಲಿಲ್ಲ ಎಂದಳು. ಮನೆಯ ಸಾರಿಗೆ ಹುಳಿ ಬೇಕಲ್ಲ!

ಮರಗಳೋ ತಮ್ಮ ಬಲವನ್ನೆಲ್ಲ ಮೂಡಲಿಗೆ ತಿರುಗಿಸಿ ಅಲ್ಲೇ ಇಮ್ಮಡಿ ಬಿಟ್ಟವು. ವ್ಯಾಪಾರಿಗಳ ಗಾಡಿಗಳು ಹೆಚ್ಚಿದವು. ಬೋರಕ್ಕ ಅತ್ತ ನೋಡದಂತೆ ನಟಿಸುತ್ತ, ಯಾರೂ ಇಲ್ಲದಾಗ ಆ ಒಂದು ಕೊಂಬೆಯಡಿ ಮಡಿಲು ತುಂಬಿಕೊಳ್ಳುತ್ತಿದ್ದಳು. ಒಂದು ಸಲ ಹಾಗೆ ಬಗ್ಗಿರುವಾಗ, ಬದುವಿನಾಚೆ ಹಣ್ಣು ಬಡಿಯುತ್ತಿದ್ದ ಆಳುಗಳಿಗೆ ತಿಮ್ಮಾಜಿ ಹೇಳುವುದು ಕೇಳಿಸಿತು: "ಆ ಕೊನೇ ಕೊಂಬೆ ಸ್ವಲ್ಪ ಅಲುಗ್ಸಿ ಬಿಡ್ರಪ್ಪ, ಅಕ್ಕಯ್ಯನ ಕಡೆಗೇ ಉದುರ್ಲಿ. ಪಾಪ, ಅವ್ರಿಗೆ ಅದೊಂದೇ ಉಳ್ದಿರೋದು."

ಓಲೆಯನ್ನಾದರೂ ತಾಳಿಕೊಂಡಿದ್ದವಳು ಆ "ಪಾಪ"ವನ್ನು ತಾಳಲಿಲ್ಲ. ಮಡಿಲಿನದನ್ನು ಅಲ್ಲೇ ಸುರಿದು, ಮನೆಗೆ ಹೋಗಿ ಮಚ್ಚು ತಂದು, ಹಣ್ಣು ತೂಗುತ್ತಿದ್ದ ಆ ಕೊಂಬೆಯನ್ನೂ ಎಲ್ಲರೆದುರೇ ಕಡಿದು ಕೆಡವಿದಳು ಎನ್ನುತ್ತಾರೆ. ಅಂದಿನಿಂದ ಇದು ಅರೆಮರದ ದಿಣ್ಣೆ.

ಪಡುವಣ ಹೊಲದವರು ಈಗಲೂ ಹುಳಿಯನ್ನು ಸಂತೆಯಿಂದಲೇ ಕೊಂಡು ತರುತ್ತಾರೆ. ನೋಡಬಂದವರು ಕೊನೆಯ ಮರದ ಬಳಿ ನಿಂತರೆ, ಬೊಡ್ಡೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಗಾಯದ ಗುರುತು ಕಾಣುತ್ತದೆ. ಅದು ಪುಟ್ಟ ಮಗುವಿನ ಕೈಗೂ ಎಟುಕುವಷ್ಟು ಕೆಳಗಿದೆ.