ಎರಡನೆಯ ಮಡಕೆ

ಹೊಳೆಯ ಈ ದಡದಲ್ಲಿ ಆಶ್ರಮ, ಅದರ ಹಿಂದೆ ಅಗ್ರಹಾರ. ಆ ದಡದಲ್ಲಿ ಮೇದರ ಕೇರಿ. ಈ ದಡದವರು ಆ ದಡಕ್ಕೆ ಹೋಗುತ್ತಿದ್ದದ್ದು ಬುಟ್ಟಿ, ಮೊರ ಬೇಕಾದಾಗ ಮಾತ್ರ.

ಆಶ್ರಮದ ಗುರು ಮರುಳಯ್ಯ ವೈದ್ಯರು. ‘ನಾನು ಹೇಳಿದೆ ಅಂತ ಯಾವುದನ್ನೂ ನಂಬಬೇಡಿ, ಪರೀಕ್ಷೆ ಮಾಡಿ ನೋಡಿ’ ಎಂದು ಶಿಷ್ಯರಿಗೆ ಹೇಳುತ್ತಿದ್ದರು. ಕೇದಾರ ಎಂಬ ಶಿಷ್ಯ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಮಳೆಗಾಲ ಮುಗಿಯುತ್ತಲೇ ಎರಡೂ ದಡಕ್ಕೆ ಚಳಿಜ್ವರ ಬಂತು. ಜ್ವರಕ್ಕೆ ಆಗಬಹುದೆಂದು ತೋರಿದ ಹೊಸ ಬೇರೊಂದನ್ನು ಕಿತ್ತುಕೊಂಡು ಕೇದಾರ ಹರಿಗೋಲು ಹತ್ತಿ ಕೇರಿಗೆ ಹೋದ. ಕೆಲವು ವಾರ ಕಳೆದು ಹಿಂದಿರುಗಿದವನು ದಡದಿಂದಲೇ ಕೂಗಿದ.

‘ಗುರುಗಳೇ, ಬೇರು ಕೆಲಸ ಮಾಡಿತು!’

ಮರುಳಯ್ಯ ಅಂಗಳದಲ್ಲಿ ಒರಳು ತೊಳೆಯುತ್ತಿದ್ದರು.

‘ಹೇಗೆ ಗೊತ್ತಾಯಿತು?’

‘ಎರಡು ಮಡಕೆ ಕಷಾಯ ಕಾಯಿಸಿದೆ. ಒಂದರಲ್ಲಿ ಬೇರು. ಇನ್ನೊಂದರಲ್ಲಿ ಬರೀ ಬೇವಿನ ತೊಗಟೆ. ಬಣ್ಣವೂ ಒಂದೇ, ಕಹಿಯೂ ಒಂದೇ. ಮೇಲಿನ ಸಾಲಿನ ಮನೆಗಳಿಗೆ ಮೊದಲನೆಯದು ಕೊಟ್ಟೆ, ಕೆಳಗಿನ ಸಾಲಿಗೆ ಎರಡನೆಯದು. ಮೇಲಿನ ಸಾಲಿನವರೆಲ್ಲ ಎದ್ದು ಬಿದಿರು ಸೀಳುತ್ತಿದ್ದಾರೆ!’

‘ಕೆಳಗಿನ ಸಾಲಿನವರು?’

‘ಕೆಲವರು ತಾವಾಗಿಯೇ ಎದ್ದರು. ಕೆಲವರು ಇನ್ನೂ ನರಳುತ್ತಿದ್ದಾರೆ. ಕೊನೆಯ ಮನೆಯ ಹುಡುಗಿ ಏಳಲಿಲ್ಲ.’

‘ಏಳಲಿಲ್ಲ ಅಂದರೆ?’

‘ತೀರಿಕೊಂಡಳು.’

ಒರಳಿನೊಳಗೆ ಗುರುವಿನ ಕೈ ನಿಂತಿತು.

‘ಅವಳ ಹೆಸರೇನು?’

ಕೇದಾರ ಯೋಚಿಸಿದ. ‘ಕೇಳಲಿಲ್ಲ.’

‘ಮೇಲಿನ ಸಾಲಿನವರು ಎದ್ದು ಕೂತಾಗ ಅವಳು ಬದುಕಿದ್ದಳೇ?’

‘ಇದ್ದಳು.’

‘ಆಗ ಬೇರು ಎಲ್ಲಿತ್ತು?’

‘ನನ್ನ ಜೋಳಿಗೆಯಲ್ಲಿ.’

‘ಮತ್ತೆ?’

‘ಖಾತ್ರಿಯಾಗಲಿ ಅಂತ ಕಾದೆ ಗುರುಗಳೇ. ಅರ್ಧದಲ್ಲಿ ನಿಲ್ಲಿಸಿದ್ದರೆ ಏನು ಗೊತ್ತಾಗುತ್ತಿತ್ತು?’

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಬೇರು ಕೀಳುವ ಮೊದಲು ಗಿಡದ ಮುಂದೆ ಕೂರಬೇಕು. ಯಾರಿಗಾಗಿ, ಯಾವ ಕಾಯಿಲೆಗಾಗಿ ಕೀಳುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಕಿತ್ತವನಿಗೆ ಆ ದಿನ ಊಟವಿಲ್ಲ.

‘ಈ ಬೇರು ಕೀಳುವಾಗ ಗಿಡಕ್ಕೆ ಹೇಳಿದೆಯಾ?’

‘ಹೇಳಿದೆ. ಅದನ್ನು ಮರೆಯುತ್ತೇನೆಯೇ?’

‘ಕೇರಿಯವರಿಗೆ?’

‘ಅವರಿಗೆ ಹೇಳಿದ್ದರೆ ಎರಡನೆಯ ಮಡಕೆಯದನ್ನು ಯಾರು ಕುಡಿಯುತ್ತಿದ್ದರು?’

‘ಜ್ವರ ನಮ್ಮ ಅಗ್ರಹಾರದಲ್ಲೂ ಇತ್ತು. ಇಲ್ಲೇ ಯಾಕೆ ನೋಡಲಿಲ್ಲ?’

‘ಇಲ್ಲಿಯವರು ನೂರೆಂಟು ಪ್ರಶ್ನೆ ಕೇಳುತ್ತಾರೆ.’

‘ಕೇರಿಯವರು?’

‘ಕೈ ಮುಗಿಯುತ್ತಾರೆ.’

ಹೀಗೆ ಹೇಳಿಯೇಬಿಟ್ಟ. ಬೇರಿನ ಗುಣ ಹೇಳಿದಷ್ಟೇ ಸಲೀಸಾಗಿ, ಯಾವ ನಾಚಿಕೆಯೂ ಇಲ್ಲದೆ.

ಗುರು ಒರಳಿನ ನೀರು ಚೆಲ್ಲಿ ಎದ್ದರು. ಕೇದಾರನಿಗೆ ಸಿಟ್ಟು ಬಂತು.

‘ನಾನು ಮಾಡಿದ ತಪ್ಪೇನು? ನಾನು ಹೋಗದಿದ್ದರೆ ಎರಡು ಸಾಲಿಗೂ ಏನೂ ಸಿಗುತ್ತಿರಲಿಲ್ಲ. ಹೋದ ವರ್ಷವೂ ಅಲ್ಲಿ ಜನ ಸತ್ತರು, ಯಾರು ಕೇಳಿದರು? ಇನ್ನು ಮುಂದೆ ಊರೂರಿನ ಮಕ್ಕಳು ಬದುಕುತ್ತಾರೆ.’

‘ಬದುಕುತ್ತಾರೆ,’ ಎಂದರು ಮರುಳಯ್ಯ. ‘ಅದು ನಿಜ. ಇನ್ನೂ ನರಳುತ್ತಿರುವವರಿಗೆ ಆ ಬೇರಿನ ಕಷಾಯ ಕಾಯಿಸಿಕೊಂಡು ಬಾ. ಮೊದಲು ಹುಡುಗಿಯ ಮನೆಗೆ ಹೋಗೋಣ.’

‘ಅಲ್ಲಿ ಏನು ಹೇಳಲಿ?’

‘ಅಷ್ಟು ಖುಷಿಯಿಂದ ನನಗೆ ಹೇಳಿದೆಯಲ್ಲ, ಅದನ್ನೇ ಹೇಳು.’

ಕೊನೆಯ ಮನೆಯ ದ್ಯಾವಮ್ಮ ಜಗಲಿಯ ಮೇಲೆ ಮೊರ ಹೆಣೆಯುತ್ತಿದ್ದಳು. ಸತ್ತ ಹುಡುಗಿಯ ತಾಯಿ. ಗುರುವನ್ನು ಕಂಡು ಎದ್ದು ಚಾಪೆ ಹಾಸಿದಳು.

‘ಬನ್ನಿ ಸಾಮ್ಯೋರೆ. ನಮ್ಮ ಹುಡುಗಿ ಹೋಗಬೇಕಾಯ್ತು ನೋಡಿ, ನಿಮ್ಮ ಪಾದ ಈ ಕೇರಿಗೆ ಬರೋಕೆ.’

ಮರುಳಯ್ಯ ತಲೆ ತಗ್ಗಿಸಿ ಕೂತರು.

‘ನಿಮ್ಮ ಶಿಷ್ಯರದೇನೂ ತಪ್ಪಿಲ್ಲ ಬಿಡಿ. ಪಾಪ, ದಿನಾ ಬಂದ್ರು. ತಪ್ಪೆಲ್ಲ ನಂದೇ.’

‘ನಿನ್ನದೇನು ತಪ್ಪು ತಾಯಿ?’

‘ಕಹಿ ಕಹಿ ಅಂತ ಉಗೀತಿದ್ಲು ನಮ್ಮ ಮಂಚಿ. ಮೂಗು ಹಿಡಿದು ಕುಡಿಸ್ದೆ. ಕೊನೇ ಸಲ ಕೆನ್ನೆಗೆ ಬಾರಿಸಿಬಿಟ್ಟೆ. ಆದ್ರೂ ಅರ್ಧ ಚೆಲ್ಲಿಬಿಟ್ಲು. ಪೂರ್ತಿ ಕುಡಿಸಿದ್ರೆ ಉಳೀತಿದ್ಲೇನೋ.’

ಕೇದಾರ ಗುರುವಿನ ಕಡೆ ನೋಡಿದ. ಗುರು ಅವನ ಕಡೆ ನೋಡಲಿಲ್ಲ.

ಸುಮ್ಮನಿದ್ದರೆ ಆಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಹೆಸರು ಉಳಿಯುತ್ತಿತ್ತು, ಆ ಹೆಂಗಸು ತಾನೇ ಕೊಂದೆನೆಂದುಕೊಂಡು ಸಾಯುವವರೆಗೆ ಮೊರ ಹೆಣೆಯುತ್ತಿದ್ದಳು.

‘ಅಮ್ಮ,’ ಎಂದ ಕೇದಾರ. ‘ಅದರಲ್ಲಿ ಮದ್ದಿರಲಿಲ್ಲ.’

‘ಏನಂದ್ರಿ?’

ಎರಡು ಮಡಕೆ, ಎರಡು ಸಾಲು, ಜೋಳಿಗೆಯಲ್ಲಿದ್ದ ಬೇರು, ತಾನು ಕಾದದ್ದು. ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿ ಕುಗ್ಗಿತು.

ದ್ಯಾವಮ್ಮ ಅಳಲಿಲ್ಲ. ಬೈಯಲಿಲ್ಲ. ತನ್ನ ಬಲಗೈಯನ್ನು ನೋಡಿಕೊಂಡಳು.

‘ಮದ್ದಿಲ್ಲದ ನೀರಿಗೆ ನನ್ನ ಮಗೀಗೆ ಹೊಡೆದ್ನಾ?’



ಅವಳು ಮರುಳಯ್ಯನವರ ಕಡೆ ತಿರುಗಿದಳು. ‘ಇದನ್ನೇ ಏನು ಅಲ್ಲಿ ನೀವು ಕಲಿಸೋದು?’

‘ಪರೀಕ್ಷೆ ಮಾಡು ಅಂತ ಕಲಿಸಿದೆ ತಾಯಿ. ಯಾರನ್ನು ಕೇಳಿ ಮಾಡಬೇಕು ಅಂತ ಕಲಿಸಲಿಲ್ಲ.’

ಅಷ್ಟರಲ್ಲಿ ಕೇರಿಯವರು ಸುತ್ತ ಸೇರಿದ್ದರು. ಪಕ್ಕದ ಮನೆಯ ಕಾಳವ್ವನ ಕಂಕುಳಲ್ಲಿ ಅವಳ ಮಗು ನಡುಗುತ್ತಿತ್ತು. ಅದಕ್ಕೆ ಜ್ವರ ಆ ಬೆಳಿಗ್ಗೆಯೇ ಹತ್ತಿತ್ತು. ಕೇದಾರ ಬಟ್ಟಲಿಗೆ ಕಷಾಯ ಬಗ್ಗಿಸಿ ಅವಳ ಮುಂದೆ ಹಿಡಿದ.

ಕಾಳವ್ವ ಹಿಂದೆ ಸರಿದಳು. ‘ಯಾವ ಮಡಕೇದು ಇದು?’

‘ಬೇರಿನದೇ ಅಮ್ಮ. ದೇವರಾಣೆ.’

‘ಅವತ್ತೂ ಮದ್ದು ಅಂತಾನೇ ಕೊಟ್ರಲ್ಲ.’

ಕೇದಾರ ತಾನೇ ಎರಡು ಗುಟುಕು ಕುಡಿದು ತೋರಿಸಿದ.

ಗುಂಪಿನಲ್ಲಿದ್ದ ಒಬ್ಬ ಮುದುಕ ನಕ್ಕ. ‘ಬೇವಿನ ನೀರು ಕುಡಿದ್ರೆ ನೀವೇನು ಸಾಯ್ತೀರಾ ಸ್ವಾಮಿ? ಜ್ವರ ಬಂದೋರು ನಾವು.’

ಕಾಳವ್ವ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

ಕೇದಾರ ಬಟ್ಟಲು ಹಿಡಿದೇ ನಿಂತ. ಅದರಲ್ಲಿ ನಿಜವಾದ ಮದ್ದಿತ್ತು. ಅದನ್ನು ಕುಡಿಯುವ ಬಾಯಿ ಇರಲಿಲ್ಲ.

‘ಗುರುಗಳೇ, ನೀವು ಹೇಳಿ. ನೀವು ಹೇಳಿದರೆ ಕೇಳುತ್ತಾರೆ.’

‘ಇಷ್ಟು ದಿನ ನಮ್ಮ ಮಾತು ಕೇಳಿಯೇ ಅಲ್ಲವೇ ಇವರಿಗೆ ಹೀಗಾದದ್ದು?’ ಎಂದರು ಮರುಳಯ್ಯ.

ಅವರು ಎದ್ದರು. ದ್ಯಾವಮ್ಮನ ಮುಂದೆ ನಿಂತು ಕೈ ಮುಗಿದರು. ಬೇಡುವವರ ಹಾಗೆ ನಿಂತೇ ಇದ್ದರು.

ದ್ಯಾವಮ್ಮ ಅವರನ್ನು ನೋಡಲಿಲ್ಲ. ನಡುಗುತ್ತಿದ್ದ ಮಗುವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

‘ಇಲ್ಲಿ ಕೊಡು ಅದನ್ನ,’ ಎಂದು ಕೇದಾರನ ಕೈಯಿಂದ ಬಟ್ಟಲು ಕಸಿದುಕೊಂಡಳು. ಏಕವಚನ ಬಂದಿತ್ತು. ಮೂಸಿ ನೋಡಿ, ನಾಲಿಗೆಗೆ ಹಚ್ಚಿಕೊಂಡಳು.

‘ಇದರಲ್ಲಿ ಬೇರೆ ಏನೋ ವಾಸನೆ ಐತೆ. ಮಗೀನ ತತ್ತಾರೆ ಕಾಳಿ. ಮೇಲಿನ ಸಾಲಿನೋರು ಎದ್ದು ಓಡಾಡ್ತಿರೋದು ನೀನೂ ನೋಡಿದ್ದೀಯಲ್ಲ.’

ಕಾಳವ್ವ ಹಿಂದೆಮುಂದೆ ನೋಡಿ ಮಗುವನ್ನು ಕೊಟ್ಟಳು.

ದ್ಯಾವಮ್ಮ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಮೊದಲ ಗುಟುಕನ್ನು ಮಗು ಅವಳ ಸೆರಗಿಗೇ ಉಗಿಯಿತು. ಅವಳು ಬಾಯಿ ಒರೆಸಿದಳು. ಮೂಗು ಹಿಡಿಯಲಿಲ್ಲ. ಕೈ ಎತ್ತಲಿಲ್ಲ. ‘ಕುಡಿ ಕಂದ, ಕುಡಿ’ ಎನ್ನುತ್ತಾ ಹನಿ ಹನಿಯಾಗಿ ಬಟ್ಟಲು ಬರಿದಾಗುವವರೆಗೆ ಕುಡಿಸಿದಳು.

ಆಮೇಲೆ ಮಗುವನ್ನು ತಾಯಿಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹರಿಗೋಲಿನಲ್ಲಿ ಕೇದಾರ ಮಂಡಿಯ ನಡುವೆ ಮುಖ ಹುದುಗಿಸಿ ಅತ್ತ. ನಡುಹೊಳೆಗೆ ಬಂದ ಮೇಲೆ ತಲೆಯೆತ್ತಿದ.

‘ಗುರುಗಳೇ, ಅವಳು ನನ್ನನ್ನು ಕ್ಷಮಿಸಿದಳು, ಅಲ್ಲವೇ?’

ಮರುಳಯ್ಯ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

‘ಇಲ್ಲ ಕೇದಾರ. ಅವಳು ಮಗುವಿಗೆ ಮದ್ದು ಕುಡಿಸಿದಳು.’